ಕೆಮಿಸ್ಟ್ರಿ ಮಿಸ್ ಅವರ ಹದಿಮೂರು ಪೆಟ್ಟಿಗೆ: ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ಮತ್ತು ಆಡಳಿತ ಮಂಡಳಿಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

ನಿಮ್ಮ ಸಂಸ್ಥೆಯ ಹೆಸರು ನಾನಿಲ್ಲಿ ಬರೀತಾ ಇಲ್ಲ. ನಿಮಗೆ ಗೊತ್ತಾಗತ್ತೆ, ಮಿಸ್ ಹತ್ರ ಓದಿದ ನೂರಾರು ಜನಕ್ಕೂ ಗೊತ್ತಾಗತ್ತೆ, ಅಷ್ಟು ಸಾಕು. ನಿಮ್ಮ ಮರ್ಯಾದೆ ಕಳೆಯೋದು ನನ್ನ ಉದ್ದೇಶ ಅಲ್ಲ, ಮಿಸ್ ತೀರಿಕೊಂಡ ಮೇಲೆ ಅವರ ಮನೆಯವರು ನಿಮಗೆ ಕೊಟ್ಟ ಹಳೇ ಕಾಗದ, ನೋಟ್ಸುಗಳ ಪೆಟ್ಟಿಗೆಗಳು ಉಳೀಬೇಕು ಅನ್ನೋದೊಂದೇ. ಎರಡು ಸಲ ಬರವಣಿಗೆಯಲ್ಲಿ ಅರ್ಜಿ ಕೊಟ್ಟೆ, ಆಫೀಸಿಗೆ ಎಷ್ಟು ಸಲ ಫೋನ್ ಮಾಡಿದೀನೋ ಲೆಕ್ಕ ಇಟ್ಟಿಲ್ಲ, ಪ್ರತಿ ಸಲ "ಮೀಟಿಂಗಲ್ಲಿ ಇಡ್ತೀವಿ" ಅನ್ನೋ ಉತ್ತರ. ಮೀಟಿಂಗ್ ಆಗೋಷ್ಟರಲ್ಲಿ ಮಳೆ ಹಿಡ್ಕೊಳತ್ತೆ, ಕೊಡಗಿನ ಮಳೆ ಯಾರ ಮೀಟಿಂಗಿಗೂ ಕಾಯಲ್ಲ, ಅದಕ್ಕೇ ಎಲ್ಲರೂ ಓದೋ ಹಾಗೆ ಬರೀತಿದೀನಿ.

ನಾನು ಯಾರು ಅಂತ ಮೊದಲು ಹೇಳ್ತೀನಿ. ಪೇಟೆಯಲ್ಲಿ ಸಣ್ಣದೊಂದು ಜೆರಾಕ್ಸ್ ಅಂಗಡಿ ನಡೆಸ್ತೀನಿ. ಪಿಯುಸಿಯಲ್ಲಿ ಮಿಸ್ ನಂಗೆ ಕೆಮಿಸ್ಟ್ರಿ ಹೇಳಿಕೊಟ್ಟೋರು, ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಅಂಗಡಿಗೆ ಪ್ರತಿ ಮಂಗಳವಾರ ಬಸ್ಸಲ್ಲಿ ಬರ್ತಿದ್ರು, ಕೈಯಲ್ಲಿ ಒಂದು ರಟ್ಟಿನ ಫೈಲು, ಅದರ ಮೇಲೊಂದು ಪ್ಲಾಸ್ಟಿಕ್ ಕವರು, ಅದರ ಮೇಲೆ ಕೊಡೆ, ತಾವು ನೆಂದ್ರೂ ಫೈಲು ನೆನೀಬಾರದು. ಹಂಗಾಗಿ ಆ ಪೆಟ್ಟಿಗೆಗಳ ಒಳಗೆ ಏನಿದೆ ಅಂತ ಅವರನ್ನ ಬಿಟ್ರೆ ಹೆಚ್ಚು ಗೊತ್ತಿರೋದು ನನಗೇ ಇರಬೇಕು, ಯಾಕಂದ್ರೆ ಹಾಳೆ ಹಾಳೆಯಾಗಿ ನನ್ನ ಕೈ ಮೇಲೆ ಹೋಗಿದೆ.

ಮಿಸ್ ಹುಟ್ಟಿದ್ದು ಕೊಡಗು ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ. ಓದ್ತಿರೋವಾಗ ಕೂರ್ಗ್ ಅಂತ ನಮ್ಮದೇ ಪುಟ್ಟ ರಾಜ್ಯ ಇತ್ತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು, "ನನ್ನ ಒಂದು ಮಾರ್ಕ್ಸ್ ಕಾರ್ಡಲ್ಲಿ ಇರೋ ರಾಜ್ಯ ಇನ್ನೊಂದರಲ್ಲಿ ಇಲ್ಲ ಕಣಪ್ಪ" ಅಂತ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸೋರು. ಮೈಸೂರಲ್ಲಿ ಎಂಎಸ್ಸಿ ಮಾಡಿ, ಕೆಲವು ವರ್ಷ ಅಲ್ಲೇ ಒಂದು ಲ್ಯಾಬಲ್ಲಿ ಕೆಲಸ ಮಾಡಿ, ತಾಯಿಗೆ ಹುಷಾರಿಲ್ದೆ ಆದಾಗ ವಾಪಸ್ ಬಂದ್ರು, ಬಂದೋರು ಇಲ್ಲೇ ಉಳಿದು ರಿಟೈರ್ ಆಗೋವರೆಗೂ ಪಾಠ ಮಾಡಿದ್ರು. ಕ್ಲಾಸಲ್ಲಿ ವಿಜ್ಞಾನಿ ಕಮಲಾ ಸೊಹೊನಿ ಅವರ ಕಥೆ ಪ್ರತಿ ವರ್ಷ ಹೇಳೋರು. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಂಗಸು ಅನ್ನೋ ಕಾರಣಕ್ಕೆ ಸಿ.ವಿ. ರಾಮನ್ ಬೇಡ ಅಂದಿದ್ದು, ಆಕೆ ಹಟ ಹಿಡಿದು ಕೂತಿದ್ದು, ಒಂದು ವರ್ಷ ಪರೀಕ್ಷೆ ಮೇಲೆ ಸೇರಿಸ್ಕೊಂಡಿದ್ದು, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ತಗೊಂಡಿದ್ದು. ಹೇಳಿ ಮುಗಿಸಿ ಹುಡುಗೀರ ಬೆಂಚ್ ಕಡೆ ಒಂದು ಸಲ ನೋಡೋರು, ಮಾತಾಡ್ತಿರಲಿಲ್ಲ. ಆ ಬೆಂಚಲ್ಲಿ ಕೂತಿದ್ದ ಎಷ್ಟೋ ಜನ ಈಗ ಫಾರ್ಮಸಿಯಲ್ಲಿ, ಕಾಫಿ ಲ್ಯಾಬಲ್ಲಿ, ಕಾಲೇಜಲ್ಲಿ ಇದ್ದಾರೆ.

ಇತಿಹಾಸದ ಹುಚ್ಚು ಅವರಿಗೆ ಹಿಡಿದಿದ್ದು ಕೆಮಿಸ್ಟ್ರಿಯಿಂದಾನೇ. ಇದನ್ನ ನೀವು ದಯವಿಟ್ಟು ಗಮನ ಕೊಟ್ಟು ಓದ್ಬೇಕು, ನನ್ನ ಇಡೀ ದೂರು ಇದರ ಮೇಲೇ ನಿಂತಿದೆ. ಯಾರೋ ಒಬ್ಬರು ತಮ್ಮ ಐನ್‌ಮನೆಯ, ಅಂದ್ರೆ ಮನೆತನದ ಮೂಲಮನೆಯ, ಹಳೇ ಕಾಗದ ತಂದು, ಅಕ್ಷರ ಇದ್ದ ಜಾಗದಲ್ಲೇ ತೂತು ಬಿದ್ದಿದೆ, ಹುಳ ತಿಂದಿದ್ದೋ ಏನೋ ನೋಡಿ ಅಂದ್ರಂತೆ. ಮಿಸ್ ನೋಡಿದ್ರೆ ಹುಳ ಅಲ್ಲ, ಶಾಯಿನೇ ಕಾಗದ ತಿಂದಿದೆ. ಹಳೇ ಕಾಲದ ಶಾಯಿಯಲ್ಲಿ ಅನ್ನಭೇದಿ ಹಾಕ್ತಿದ್ರು, ಅಂದ್ರೆ ಕಬ್ಬಿಣದ ಸಲ್ಫೇಟು, ಜೊತೆಗೆ ಅಳಲೆಕಾಯಿ ಥರದ ಒಗರು ಕಾಯಿಯ ಕಷಾಯ. ಎರಡೂ ಸೇರಿ ಗಾಳಿ ತಾಗಿದ ಹಾಗೆ ಕಪ್ಪಾಗತ್ತೆ, ಆದ್ರೆ ಜೊತೆಗೆ ಆಸಿಡ್ಡೂ ಹುಟ್ಟತ್ತೆ, ಮಿಕ್ಕ ಕಬ್ಬಿಣ ಕಾಗದದ ನಾರನ್ನ ನಿಧಾನಕ್ಕೆ ಸುಡತ್ತೆ, ತೇವ ಇದ್ರೆ ಇನ್ನೂ ಬೇಗ. ನೂರು ವರ್ಷ ಆದ್ಮೇಲೆ ಅಕ್ಷರ ಇದ್ದಲ್ಲಿ ಅಕ್ಷರದ ಆಕಾರದ ತೂತು. ಅವತ್ತಿಂದ ಮಿಸ್ ಮನೆ ಮನೆಗೆ ಹೋಗೋಕೆ ಶುರು ಮಾಡಿದ್ರು, "ಇನ್ನು ಹತ್ತು ಮಳೆಗಾಲ ಕಳೆದ್ರೆ ಈ ಕಾಗದ ಮಾತಾಡಲ್ಲ, ಅಷ್ಟರಲ್ಲಿ ಬರ್ಕೊಂಡ್ ಬಿಡ್ತೀನಿ" ಅಂತ.

ಏನೇನು ಬರ್ಕೊಂಡ್ರು ಅಂದ್ರೆ, ತಲೆತಲಾಂತರದಿಂದ ಬಂದ ಜಮ್ಮಾ ಜಮೀನಿನ ಸನ್ನದುಗಳು (ಹಕ್ಕುಪತ್ರಗಳು), ರಾಜ ಲಿಂಗರಾಜೇಂದ್ರನ ಹುಕುಂನಾಮೆಯ, ಅಂದ್ರೆ ರಾಜಾಜ್ಞೆಗಳ, ಮನೆಮನೆ ಪ್ರತಿಗಳು, 1834ರಲ್ಲಿ ಕೊನೇ ರಾಜ ಚಿಕ್ಕವೀರರಾಜೇಂದ್ರನ್ನ ಇಳಿಸಿ ಇಂಗ್ಲಿಷರು ಬಂದ ಮೇಲಿನ ಕಂದಾಯ ರಸೀದಿಗಳು, ಎಸ್ಟೇಟ್ ಲೆಕ್ಕದ ಪುಸ್ತಕ, ಶಾಲೆಯ ಹಾಜರಿ, ದೇವರಕಾಡಿನ ಗಡಿ ಹೇಳೋ ಚೀಟಿ, ವೀರಗಲ್ಲಿನ ಮೇಲೆ ಕಾಗದ ಇಟ್ಟು ತೆಗೆದ ಅಚ್ಚು. ಒಂದು ಮನೆಯಲ್ಲಿ ಕಡತ ಸಿಕ್ಕಿತ್ತು, ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ ಬಳಪದಲ್ಲಿ ಬರೆಯೋದು, ಅದನ್ನ ನೋಡಿ ಮಿಸ್ ಮಗುವಿನ ಥರ ಖುಷಿಪಟ್ಟಿದ್ರು. ಇದ್ದಿಲು ಅಂದ್ರೆ ಕಾರ್ಬನ್, ಬಳಪ ಕಲ್ಲು, ಎರಡೂ ಏನೂ ಆಗೋ ವಸ್ತು ಅಲ್ಲ, ನಮ್ಮ ಅಜ್ಜಂದಿರು ಗೊತ್ತಿದ್ದೋ ಗೊತ್ತಿಲ್ದೆನೋ ಸರಿಯಾದ್ದನ್ನೇ ಆರಿಸಿದ್ರು ಅಂತ. ನನ್ನ ಜೆರಾಕ್ಸ್ ಮಷೀನ್ ಮೇಲೂ ಅದೇ ಕಾರಣಕ್ಕೆ ಪ್ರೀತಿ, ಟೋನರ್ ಕಾರ್ಬನ್ ಅಲ್ವಾ, ಮಾಸಲ್ಲ. ಎಟಿಎಂ ಚೀಟಿ, ಬಸ್ಸಿನ ಮಷೀನ್ ಟಿಕೆಟ್ ಯಾರಾದ್ರೂ ತಂದ್ರೆ "ಇದನ್ನ ಇವತ್ತೇ ಜೆರಾಕ್ಸ್ ಮಾಡಿಸ್ಕೋ, ಬೇಸಿಗೆ ಕಳೆದ್ರೆ ಬಿಳಿ ಹಾಳೆ" ಅಂತ ಪಕ್ಕದಲ್ಲಿ ನಿಂತ ಗಿರಾಕಿಗೂ ಹೇಳಿಬಿಡೋರು.

ಅಂಗಡಿಯಲ್ಲಿ ಅವರ ಕಾನೂನು ಬೇರೆನೇ. ಹಳೇ ಹಾಳೆನ ಮಷೀನ್ ತಾನಾಗಿ ಎಳ್ಕೊಳೋ ಟ್ರೇಗೆ ಹಾಕೋ ಹಾಗಿಲ್ಲ, ಗ್ಲಾಸ್ ಮೇಲೆ ಎರಡೂ ಕೈಯಲ್ಲಿ ಇಡ್ಬೇಕು. ಗುಂಡುಪಿನ್, ಸ್ಟೇಪ್ಲರ್ ಮುಟ್ಟೋ ಹಾಗಿಲ್ಲ, ನಮ್ಮ ತೇವಕ್ಕೆ ತುಕ್ಕು ಹಿಡಿದು ಹಾಳೆ ತೂತಾಗತ್ತೆ. ಸೆಲೋಟೇಪಂತೂ ಅವರ ಎದುರು ತೆಗೆಯೋ ಹಾಗೇ ಇರಲಿಲ್ಲ. ಇನ್ನೊಂದು ನಾನು ಯಾವತ್ತೂ ಮರೆಯಲ್ಲ. ಬ್ಯಾಗಿಂದ ಡಿಸ್ಟಿಲ್ಡ್ ವಾಟರ್ ಇರೋ ಸಣ್ಣ ಬಾಟಲಿ ತೆಗೆದು, ಹಾಳೆಯ ತೀರಾ ಅಂಚಲ್ಲಿ, ಅಕ್ಷರ ಇಲ್ದಿರೋ ಕಡೆ, ಕಡ್ಡಿಯಲ್ಲಿ ಒಂದೇ ಒಂದು ಹನಿ ಇಟ್ಟು, ಅದರ ಮೇಲೆ ಪಿಎಚ್ ಪಟ್ಟಿಯ ಚೂರು ಒತ್ತಿ ಹಿಡಿಯೋರು. ಉಸಿರು ಬಿಗಿ ಹಿಡ್ಕೊಂಡು. ಬಣ್ಣ ನೋಡಿ, ಬ್ಲಾಟಿಂಗ್ ಪೇಪರಲ್ಲಿ ಹನಿ ಒತ್ತಿ ಒಣಗಿಸಿ, ಆಮೇಲೆ ಕವರಿನ ಮೇಲೆ ಪೆನ್ಸಿಲ್ಲಲ್ಲಿ ನಂಬರ್ ಬರೆಯೋರು, 4, 4.5, 6. ನಂಬರ್ ಕಮ್ಮಿ ಆದಷ್ಟೂ ಆಸಿಡ್ ಜಾಸ್ತಿ, ನಾಲ್ಕು ಬಂದ್ರೆ ಮುಖ ಸಣ್ಣದಾಗ್ತಿತ್ತು. ಅದು ಯಾವ ಕಾಗದ ಮೊದಲು ಸಾಯತ್ತೆ ಅನ್ನೋ ಪಟ್ಟಿ ಸ್ವಾಮಿ. ನಿಮ್ಮಲ್ಲಿರೋ ಕವರುಗಳ ಬಲಗಡೆ ಮೇಲ್ತುದಿ ನೋಡಿ, ಆ ಪೆನ್ಸಿಲ್ ನಂಬರ್ ಇದೆ. ನಿಮ್ಮವರು ಅದನ್ನ ಹಳೇ ಸೀರಿಯಲ್ ನಂಬರ್ ಅಂದ್ಕೊಂಡು ರಬ್ಬರಲ್ಲಿ ಅಳಿಸಿ ಹೊಸ ನಂಬರ್ ಹಾಕ್ತಿದ್ದಿದ್ದನ್ನ ನಾನೇ ನೋಡಿದೀನಿ.

ಅವರ ತಲೆ ಹೇಗೆ ಓಡ್ತಿತ್ತು ಅಂತ ಒಂದು ಉದಾಹರಣೆ. ಒಂದು ಎಸ್ಟೇಟಿನ ಲೆಕ್ಕದ ಪುಸ್ತಕ ಸಿಕ್ತು, ವರ್ಷ ಇಲ್ಲ, ಮೊದಲ ಹಾಳೆಗಳು ಹರಿದಿವೆ. ಕೆಲವು ಹಾಳೆ ಮೇಲೆ ಹಸಿರು ನೀಲಿ ಕಲೆ. ಎಲ್ಲರೂ ಬೂಷ್ಟು ಅಂದ್ರು. ಮಿಸ್ ಒಂದು ಚೂರು ಕೆರೆದು ಪರೀಕ್ಷೆ ಮಾಡಿ, ತಾಮ್ರ ಅಂದ್ರು. ಅಂದ್ರೆ ಬೋರ್ಡೋ, ಮೈಲುತುತ್ತ ಸುಣ್ಣ ಕಲಸಿ ಗಿಡಕ್ಕೆ ಹೊಡೆಯೋದು, ಇವತ್ತಿಗೂ ಕಾಫಿಗೆ, ಮೆಣಸಿಗೆ ನಾವು ಹೊಡೀತೀವಲ್ಲ, ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಆಮೇಲೆ ಕತ್ತಿ ಅದ್ದಿ ನೋಡೋದು, ಕತ್ತಿ ಕೆಂಪಾದ್ರೆ ಸುಣ್ಣ ಸಾಲದು. ಆ ದ್ರಾವಣ ಫ್ರಾನ್ಸಲ್ಲಿ ದ್ರಾಕ್ಷಿಗೆ ಅಂತ ಬಳಕೆಗೆ ಬಂದಿದ್ದು 1885ರ ಆಸುಪಾಸು. ಆದ್ರೆ ಕಲೆ ಆಮೇಲೆ ಬಿದ್ದಿರಬಹುದಲ್ಲ ಅಂತ ನಾನೇ ಕೇಳ್ದೆ. ಮಿಸ್ ನನ್ನ ಕೈಗೆ ಭೂತಗನ್ನಡಿ ಕೊಟ್ರು. ಒಂದು ಹಾಳೆಯಲ್ಲಿ ಶಾಯಿ ಕಲೆಯ ಮೇಲೆ ಹರಡಿತ್ತು, ಅಂದ್ರೆ ಕಲೆ ಮೊದಲು, ಬರಹ ಆಮೇಲೆ. ಹಂಗಾದ್ರೆ ಆ ಲೆಕ್ಕ 1885ಕ್ಕಿಂತ ಈಚೆಯದು. ಯಾವ ಇತಿಹಾಸದ ಮೇಷ್ಟ್ರು ಇದನ್ನ ಹೇಳ್ತಿದ್ರು? ಈ ಪರೀಕ್ಷೆಯ ಟಿಪ್ಪಣಿ ಇರೋದು ಅವರ ಕೆಮಿಸ್ಟ್ರಿ ನೋಟ್‌ಬುಕ್ಕಲ್ಲಿ, ಲೆಕ್ಕದ ಪುಸ್ತಕದ ಒಳಗಲ್ಲ. ಪುಸ್ತಕದ ಒಳಗೆ ಬರೀ "ನೋಡಿ, ನೀಲಿ ನೋಟ್‌ಬುಕ್ 7" ಅಂತ ಚೀಟಿ ಇದೆ. ಈಗ ಆ ಚೀಟಿ ನಿಮ್ಮ ಹತ್ರ ಇದೆ, ನೀಲಿ ನೋಟ್‌ಬುಕ್ 7 ಎಲ್ಲಿದೆ?

ಮಿಸ್ ತೀರಿಕೊಂಡ ಮೇಲೆ ಮನೆಯವರು ಹದಿಮೂರು ತಗಡಿನ ಪೆಟ್ಟಿಗೆ ನಿಮ್ಮ ಸಂಸ್ಥೆಗೆ ಕೊಟ್ರು. ವ್ಯಾನಿಗೆ ಹತ್ತಿಸಿದೋರಲ್ಲಿ ನಾನೂ ಒಬ್ಬ. ಸಣ್ಣ ಕಾರ್ಯಕ್ರಮ ಆಯ್ತು, ಶಾಲು, ಹಾರ, ಫೋಟೋ. ಸುರಕ್ಷಿತವಾಗಿ ಇಡ್ತೀವಿ, ಓದೋರಿಗೆ ತೆರೆದಿಡ್ತೀವಿ ಅಂತ ಮೈಕಲ್ಲಿ ಹೇಳಿದ್ರಿ. ಮನೆಯವರು ನಂಬಿದ್ರು, ನಾನೂ ನಂಬಿದೆ. ಪಟ್ಟಿ ಮಾಡಿ ಸಹಿ ಹಾಕಿಸ್ಕೊಳ್ಳೋಣ ಅಂತ ಯಾರಿಗೂ ಅನ್ನಿಸಲಿಲ್ಲ, ಅದು ನಮ್ಮ ಕಡೆಯಿಂದಾದ ತಪ್ಪು, ಒಪ್ಕೋತೀನಿ.

ಈ ವರ್ಷ ಮೇ ತಿಂಗಳಲ್ಲಿ ನಿಮ್ಮಲ್ಲಿಗೆ ಬಂದೆ. ಒಬ್ಬ ವಿದ್ಯಾರ್ಥಿನಿಗೆ ದೇವರಕಾಡಿನ ಬಗ್ಗೆ ಮಾಹಿತಿ ಬೇಕಿತ್ತು, ಜೊತೆಯಲ್ಲಿ ಕರ್ಕೊಂಡು ಬಂದಿದ್ದೆ. ಪೆಟ್ಟಿಗೆಗಳು ಹಿಂದಿನ ರೂಮಲ್ಲಿ, ಬಾತ್‌ರೂಮಿಗೆ ಅಂಟಿಕೊಂಡ ಗೋಡೆ ಪಕ್ಕ, ನೆಲದ ಮೇಲೆ. ಗೋಡೆಯಲ್ಲಿ ಮಂಡಿ ಎತ್ತರಕ್ಕೆ ತೇವ ಏರಿದ ಗೆರೆ, ಸುಣ್ಣ ಹಪ್ಪಳ ಎದ್ದು ಉದುರ್ತಿದೆ. ಎಣಿಸಿದೆ, ಎಂಟೇ ಪೆಟ್ಟಿಗೆ ಇತ್ತು. ಮುಚ್ಚಳ ತೆಗೆದ್ರೆ ಮಿಸ್ ಹತ್ತಿ ದಾರದಲ್ಲಿ ಕಟ್ಟಿಟ್ಟಿದ್ದ ಕಟ್ಟು ಒಂದೂ ಇಲ್ಲ, ಎಲ್ಲ ಬಿಚ್ಚಿ, ಸನ್ನದು ಎಲ್ಲ ಒಂದು ಕಡೆ, ಪತ್ರ ಎಲ್ಲ ಒಂದು ಕಡೆ, ಫೋಟೋ ಎಲ್ಲ ಒಂದು ಕವರಲ್ಲಿ, ಮೇಲೆ ಗುಂಡುಪಿನ್. ಮಿಸ್ ಕಟ್ಟಿದ್ದು ಮನೆ ಪ್ರಕಾರ, ಒಂದು ಒಕ್ಕದ (ಮನೆತನದ) ಸನ್ನದು, ಅದೇ ಮನೆಯ ಅಜ್ಜಿ ಹೇಳಿದ್ದು, ಅದೇ ಮನೆಯ ಫೋಟೋ, ಅದೇ ಮನೆಯ ಕಾಗದದ ಪರೀಕ್ಷೆ, ಎಲ್ಲ ಒಟ್ಟಿಗೆ. ಫೋಟೋ ಹಿಂದೆ ಹೆಸರು ಬರೆದಿಲ್ಲ, ಯಾಕಂದ್ರೆ ಕಟ್ಟೇ ಹೆಸರು ಹೇಳ್ತಿತ್ತು. ಈಗ ಆ ಕವರಲ್ಲಿ ಇರೋ ಮುಖಗಳು ಯಾರದು ಅಂತ ಯಾರು ಹೇಳ್ತಾರೆ? ನನಗೆ ಕೆಲವು ಗೊತ್ತು, ಮಿಕ್ಕಿದ್ದು ಹೋಯ್ತು.

ಉಳಿದ ಐದು ಪೆಟ್ಟಿಗೆ ಎಲ್ಲಿ ಅಂತ ಕೇಳಿದ್ದಕ್ಕೆ ಅಲ್ಲಿದ್ದವರು, "ಅದರಲ್ಲಿ ಬರೀ ಕೆಮಿಸ್ಟ್ರಿ ನೋಟ್ಸು ಸಾರ್, ಇತಿಹಾಸಕ್ಕೆ ಸಂಬಂಧ ಇಲ್ಲ, ಜಾಗ ಇರಲಿಲ್ಲ, ತೆಗೆಸಿಬಿಟ್ವಿ" ಅಂದ್ರು. ಎಲ್ಲಿಗೆ ಅಂದ್ರೆ ರದ್ದಿಗೆ. ಅವರ ಮೇಲೆ ನಂಗೆ ಕೋಪ ಇಲ್ಲ, ಸಂಬಳಕ್ಕೆ ಕೆಲಸ ಮಾಡೋರು, ಹೇಳಿದ್ದು ಮಾಡಿದಾರೆ. ಹೇಳಿದ್ದು ಯಾರು, ಯಾವ ಮೀಟಿಂಗಲ್ಲಿ, ಮನೆಯವರನ್ನ ಒಂದು ಮಾತು ಕೇಳಿದ್ರಾ ಅಂತ ನಾನು ನಿಮ್ಮನ್ನ ಕೇಳ್ತಿದೀನಿ.

ಅವತ್ತು ಸಂಜೆನೇ ರದ್ದಿ ಅಂಗಡಿಗೆ ಹೋದೆ. ಎರಡು ತಿಂಗಳ ಮೇಲಾಗಿತ್ತು, ಲೋಡ್ ಹೋಗಿತ್ತು. ಅಂಗಡಿಯವರು ಒಳ್ಳೆ ಮನುಷ್ಯ, ಮೂಲೆಯೆಲ್ಲ ಹುಡುಕಿಸಿದ್ರು. ದಪ್ಪ ರಟ್ಟು ಇದ್ದಿದ್ದಕ್ಕೆ ತಕ್ಕಡಿ ಕೆಳಗೆ ಎತ್ತರ ಕೊಡೋಕೆ ಒಂದನ್ನ ಇಟ್ಟಿದ್ರು. ನೀಲಿ ನೋಟ್‌ಬುಕ್ 4. ದುಡ್ಡು ತಗೊಳಲಿಲ್ಲ. ಅದೊಂದೇ ಸಿಕ್ಕಿದ್ದು.

ಅದರಲ್ಲಿ ಏನಿದೆ ಅಂತ ಹೇಳ್ತೀನಿ, ಇತಿಹಾಸಕ್ಕೆ ಸಂಬಂಧ ಇದೆಯೋ ಇಲ್ವೋ ನೀವೇ ಹೇಳಿ. ಅದು ಕಾಚಂಪುಳಿ ನೋಟ್‌ಬುಕ್, ನಾವು ಅಡಿಗೆಗೆ ಹಾಕೋ ಕಪ್ಪು ಹುಳಿಯದ್ದು. ಮಲೆನಾಡಲ್ಲಿ ಉಪ್ಪಾಗೆ ಅಂತಾರಲ್ಲ, ನಮ್ಮ ಪಣಪುಳಿ, ಮಳೆಗಾಲದಲ್ಲಿ ಹಣ್ಣಾಗಿ ಬೀಳೋದನ್ನ ಆರಿಸಿ ಬುಟ್ಟಿಯಲ್ಲಿಟ್ಟು ಕೆಳಗೆ ಪಾತ್ರೆ ಇಟ್ರೆ ರಸ ಹನಿ ಹನಿಯಾಗಿ ಇಳಿಯತ್ತೆ, ಅದನ್ನ ಕಾಯಿಸಿ ಕಾಯಿಸಿ ಕಪ್ಪಗೆ ಮಂದ ಮಾಡೋದು, ವರ್ಷಗಟ್ಟಲೆ ಇಟ್ರೂ ಕೆಡಲ್ಲ. ಅದರ ಹುಳಿ ಯಾವುದು ಅಂತ ಮೊದಲು ಸಿಟ್ರಿಕ್ಕು, ಟಾರ್ಟಾರಿಕ್ಕು ಅಂತೆಲ್ಲ ಅಂದ್ಕೊಂಡಿದ್ರು, 1965ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್, ನೀಲಕಂಠನ್ ಅನ್ನೋ ವಿಜ್ಞಾನಿಗಳು ಅದು ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಅಂತ ತೋರಿಸಿದ್ರು. ಮಿಸ್ ಮನೆ ಮನೆಯಿಂದ ಒಂದೊಂದು ಸಣ್ಣ ಶೀಷೆ ತಂದು ಪರೀಕ್ಷೆ ಮಾಡಿದಾರೆ. ಕಾಚಂಪುಳಿ ಕಪ್ಪಲ್ವಾ, ಟೈಟ್ರೇಷನ್, ಅಂದ್ರೆ ಹುಳಿ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ, ಮಾಡೋವಾಗ ಗುಲಾಬಿ ಬಣ್ಣ ಬಂದಿದ್ದೇ ಕಾಣಲ್ಲ, ಅದಕ್ಕೆ ಒಂದು ಮಿಲಿ ತಗೊಂಡು ಬೇಜಾನ್ ನೀರಲ್ಲಿ ತೆಳು ಮಾಡಿ, ಕಿಟಕಿ ಬೆಳಕಿಗೆ ಬಿಳಿ ಟೈಲ್ ಇಟ್ಟು ನೋಡಿದ್ದು ಅಂತ ಬರೆದಿದಾರೆ. ಆಮೇಲೆ ಅದೇ ಸ್ಯಾಂಪಲ್ಲನ್ನ ಬಿಸಿನೀರಿನ ಮೇಲಿಟ್ಟು ಆರಿಸಿ ಮತ್ತೆ ಅಳತೆ. ವಿನೆಗರ್ ಬೆರೆಸಿದ್ರೆ ಅದರ ಹುಳಿ ಆವಿಯಾಗಿ ಹೋಗತ್ತೆ, ಲೆಕ್ಕ ಇಳಿಯತ್ತೆ, ನಿಜವಾದ ಕಾಚಂಪುಳಿ ಇಳಿಯಲ್ಲ.

ಇದು ಎಡಗಡೆ ಹಾಳೆ. ಬಲಗಡೆ ಹಾಳೆಯಲ್ಲಿ ಆ ಸ್ಯಾಂಪಲ್ ಕೊಟ್ಟ ಅಜ್ಜಿಯ ಹೆಸರು, ತವರು, ಯಾವ ಬಾಣೆಯ (ಗದ್ದೆಗೆ ಸೇರಿದ ಕಾಡುಜಾಗದ) ಯಾವ ಮರದ ಹಣ್ಣು, ಆ ಮರ ನೆಟ್ಟಿದ್ದು ಯಾರು, ಮರದ ಪಕ್ಕ ಹೋಗ್ತಿದ್ದ ಹಳೇ ದಾರಿ ಎಲ್ಲಿಂದ ಎಲ್ಲಿಗೆ, ಮಡಕೆ ಎಲ್ಲಿಂದ ತಂದಿದ್ದು, ಕಾಯಿಸೋವಾಗ ಯಾವ ಹಾಡು ಹೇಳ್ತಿದ್ರು. ಒಂದು ಹಾಳೆಯಲ್ಲಿ ಮೂರು ಮನೆಯವರು ಒಂದೇ ಮರ ಹೇಳಿದಾರೆ, ಮಿಸ್ ಕೆಳಗೆ ಬರೆದಿದಾರೆ, "ಮೂರೂ ಮನೆ ಹಿಂದೆ ಒಂದೇ ಒಕ್ಕ ಇದ್ದಿರಬೇಕು, ಸನ್ನದು ನೋಡಬೇಕು". ಇನ್ನೊಂದು ಹಾಳೆಯ ತುದಿಯಲ್ಲಿ ಕಂದು ಬಣ್ಣದ ಉಂಗುರದ ಗುರುತು, ಶೀಷೆ ಇಟ್ಟಿದ್ದು. ಆ ಹಾಳೆ ಮೂಸಿದ್ರೆ ಇವತ್ತಿಗೂ ಹುಳಿ ವಾಸನೆ ಬರತ್ತೆ. ಮಿಕ್ಕ ನೋಟ್‌ಬುಕ್ಕುಗಳು ಹೀಗೇ ಇದ್ವು, ಬಾವಿ ನೀರಿನದ್ದು ಒಂದು, ಗದ್ದೆ ಮಣ್ಣಿಂದು ಒಂದು, ಶಾಯಿದು ಒಂದು. ಕೊಡಗಿನ ಹೆಂಗಸರ ಅಡಿಗೆಮನೆಯ ತಿಳುವಳಿಕೆಯನ್ನ ಅವರವರ ಹೆಸರು ಹಾಕಿ ಬರೆದಿಟ್ಟ ಪುಸ್ತಕ ಬೇರೆ ಎಲ್ಲಿದೆ ಹೇಳಿ. ರಾಜರ ಕಾಗದದಲ್ಲಿ ಆ ಅಜ್ಜಿಯರ ಹೆಸರು ಬರಲ್ಲ.

ಇತಿಹಾಸ ಇಲ್ಲಿ, ಕೆಮಿಸ್ಟ್ರಿ ಅಲ್ಲಿ ಅಂತ ಅವರ ಜೀವನದಲ್ಲೇ ಗೆರೆ ಇರಲಿಲ್ಲ, ನೀವು ಎರಡು ನಿಮಿಷದಲ್ಲಿ ಎಳೆದ್ರಿ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿ ಸಂಗ್ರಹಿಸಿದ ಪಟ್ಟೋಲೆ ಪಳಮೆ ಅಚ್ಚಾಗಿರದಿದ್ರೆ ಎಷ್ಟು ಹಾಡು, ಎಷ್ಟು ಪದ್ಧತಿ ಬಾಯಲ್ಲೇ ಸತ್ತು ಹೋಗ್ತಿತ್ತು ಅಂತ ನಾವೇ ಭಾಷಣದಲ್ಲಿ ಹೇಳ್ತೀವಿ. ಕೊಡಗಿನ ಗೌರಮ್ಮ 1939ರಲ್ಲಿ, ಇನ್ನೂ 27 ವರ್ಷಕ್ಕೆ, ನೀರಲ್ಲಿ ಮುಳುಗಿ ತೀರಿಕೊಂಡ್ರು, ಅವರ ಕಥೆಗಳು ಪುಸ್ತಕವಾಗಿ ಬಂದಿದ್ದು ಅವರು ಹೋದ್ಮೇಲೆ, ಯಾರೋ ಕಾಗದ ಜೋಪಾನ ಮಾಡಿ ಅಚ್ಚಿಗೆ ಕೊಟ್ಟಿದ್ದಕ್ಕೆ. ಹೆಂಗಸರು ಬರೆದಿದ್ದು ಉಳಿಯೋದು ಹೀಗೆ, ಯಾರಾದ್ರೂ ಒಬ್ಬರು ಬಿಸಾಕದೆ ಇಟ್ಟಾಗ.

2018ರ ಆಗಸ್ಟ್ ನಿಮಗೆ ನೆನಪಿರತ್ತೆ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಜೋಡುಪಾಲ, ಗುಡ್ಡ ಗುಡ್ಡವೇ ಇಳಿದು ಬಂದಿದ್ದು. ಆಗ ಮನೆ ಕಳ್ಕೊಂಡ ಒಂದು ಕುಟುಂಬದ ಯಜಮಾನರು ಕೆಲವು ತಿಂಗಳ ಮೇಲೆ ಮಿಸ್‌ನ ಹುಡುಕ್ಕೊಂಡು ಬಂದ್ರು. ಮನೆ, ಪೆಟ್ಟಿಗೆ, ಫೋಟೋ, ಭತ್ತ ತುಂಬೋ ಪತ್ತಾಯ ಎಲ್ಲ ಮಣ್ಣಿನಡಿ. ಹಿಂದೊಂದು ಸಲ ಮಿಸ್ ಅವರ ಮನೆಗೆ ಹೋಗಿ ಅಜ್ಜನ ಕಾಲದ ಸನ್ನದು ಕೈಯಲ್ಲಿ ಬರ್ಕೊಂಡಿದ್ರು, ವಂಶಾವಳಿ ಬರ್ಕೊಂಡಿದ್ರು, ಅಜ್ಜಿಯ ಫೋಟೋ ನನ್ನ ಅಂಗಡಿಯಲ್ಲೇ ಜೆರಾಕ್ಸ್ ಆಗಿತ್ತು. ಮಿಸ್ ಆ ಕಟ್ಟು ಬಿಚ್ಚಿ ಮೇಜಿನ ಮೇಲಿಟ್ರು. ಆ ಮನುಷ್ಯ ಜೆರಾಕ್ಸಲ್ಲಿರೋ ಅಜ್ಜಿಯ ಮುಖದ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತಿದ್ರು. ನಾನು ಇನ್ನೊಂದು ಪ್ರತಿ ಮಾಡಿಕೊಟ್ಟೆ. ಇವತ್ತು ಅಂಥವರು ಯಾರಾದ್ರೂ ನಿಮ್ಮ ಬಾಗಿಲಿಗೆ ಬಂದ್ರೆ ಯಾವ ಕಟ್ಟು ಬಿಚ್ಚಿ ತೋರಿಸ್ತೀರ?

ಲ್ಯಾಮಿನೇಷನ್ ವಿಷಯ ಬೇರೆ ಹೇಳ್ಬೇಕು. ಹತ್ತಿಪ್ಪತ್ತು ಪತ್ರಗಳನ್ನ ಆಗಲೇ ಬಿಸಿ ಪ್ಲಾಸ್ಟಿಕ್ ಒಳಗೆ ಒತ್ತಿಸಿದೀರಿ, ಚೆನ್ನಾಗಿ ಕಾಣ್ಲಿ ಅಂತ ಒಳ್ಳೆ ಮನಸ್ಸಿಂದಾನೇ ಮಾಡಿಸಿರ್ತೀರಿ. ನನ್ನ ಅಂಗಡಿಯಲ್ಲೂ ಆ ಮಷೀನ್ ಇದೆ, ರೇಷನ್ ಕಾರ್ಡಿಗೆ ಸರಿ, ಹಳೇ ಕಾಗದಕ್ಕೆ ಅದು ಸಮಾಧಿ. ಒಳಗಿರೋ ಆಸಿಡ್ ಒಳಗೇ ಉಳಿಯತ್ತೆ, ಬಿಸಿಗೆ ಕರಗಿದ ಅಂಟು ಕಾಗದದ ನಾರಿಗೆ ಇಳಿಯತ್ತೆ, ಮತ್ತೆ ಬಿಡಿಸೋಕೆ ಹೋದ್ರೆ ಹಾಳೆನೇ ಕಿತ್ತು ಬರತ್ತೆ. ಮುಂದೆ ಯಾರಾದ್ರೂ ತಜ್ಞರು ಬಂದು ಸರಿ ಮಾಡ್ತೀನಿ ಅಂದ್ರೂ ಆಗಲ್ಲ. ಮಿಸ್ ಯಾವಾಗ್ಲೂ ಹೇಳ್ತಿದ್ದಿದ್ದು, ನಾಳೆ ಬಿಚ್ಚೋಕಾಗದ ಯಾವ ರಿಪೇರಿನೂ ಇವತ್ತು ಮಾಡ್ಬೇಡ ಅಂತ.

ಹಾಗಾಗಿ ನನ್ನ ವಿನಂತಿ ಇಷ್ಟು. ಮೊದಲು, ಈ ವಾರವೇ, ಪೆಟ್ಟಿಗೆಗಳನ್ನ ಆ ಗೋಡೆ ಬಿಟ್ಟು ಬೇರೆ ರೂಮಿಗೆ ಎತ್ತಿಸಿ, ನೆಲದಿಂದ ಒಂದಡಿ ಮೇಲೆ ಹಲಗೆ ಹಾಕಿ ಇಡಿ, ಕಿಟಕಿಯಿಂದ ಎರಚಲು ಹೊಡೆಯದ ಕಡೆ. ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳೋ ಜಾಗ ಇದು, ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಮುಚ್ಚಿದ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರತ್ತೆ, ಇನ್ನು ನೆಲದ ಮೇಲಿನ ಕಾಗದದ ಗತಿ ಏನು. ಗುಂಡುಪಿನ್ ಎಲ್ಲ ತೆಗೆಸಿ. ಲ್ಯಾಮಿನೇಷನ್ ನಿಲ್ಲಿಸಿ. ಪೆನ್ಸಿಲ್ ನಂಬರ್ ಅಳಿಸೋದು ನಿಲ್ಲಿಸಿ. ಇದಕ್ಕೆಲ್ಲ ದುಡ್ಡು ಬೇಡ, ಮೀಟಿಂಗೂ ಬೇಡ, ಒಂದು ಫೋನ್ ಸಾಕು.

ಆಮೇಲೆ ಏನು ಉಳಿದಿದೆ ಅಂತ ಹಾಳೆ ಹಾಳೆ ಎಣಿಸಿ ಒಂದು ಪಟ್ಟಿ ಆಗ್ಬೇಕು, ಅದರ ಒಂದು ಪ್ರತಿ ಮಿಸ್ ಮನೆಯವರಿಗೆ ಕೊಡ್ಬೇಕು. ಆ ಐದು ಪೆಟ್ಟಿಗೆ ಯಾವ ತಾರೀಕು, ಯಾರ ಆದೇಶದ ಮೇಲೆ ಹೋಯ್ತು ಅಂತ ಬರವಣಿಗೆಯಲ್ಲಿ ಹೇಳ್ಬೇಕು, ಶಿಕ್ಷೆ ಆಗ್ಲಿ ಅಂತಲ್ಲ, ಆ ಲೋಡ್ ಯಾವ ಕಡೆ ಹೋಯ್ತು ಅಂತ ಹಿಂಬಾಲಿಸಿದ್ರೆ ಇನ್ನೊಂದೆರಡು ನೋಟ್‌ಬುಕ್ ಸಿಗಬಹುದೇನೋ ಅಂತ. ಕೇಂದ್ರ ಸರ್ಕಾರದ ಫೈಲನ್ನ ಬೇಕಾಬಿಟ್ಟಿ ನಾಶ ಮಾಡಿದ್ರೆ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯಲ್ಲಿ ಜೈಲು ಶಿಕ್ಷೆ ಇದೆ. ಒಬ್ಬ ಟೀಚರ್ ಬರೆದ ನೋಟ್‌ಬುಕ್ ರದ್ದಿಗೆ ಹೋದ್ರೆ ಕೇಳೋಕೆ ನಾವೇ ಇರೋದು, ಅದಕ್ಕೇ ಕೇಳ್ತಿದೀನಿ. ಕಟ್ಟುಗಳನ್ನ ಮತ್ತೆ ಮನೆ ಪ್ರಕಾರ ಜೋಡಿಸ್ಬೇಕು. ಅದು ಕಷ್ಟದ ಕೆಲಸ, ಆದ್ರೆ ನನ್ನ ಹತ್ರ ಒಂದು ದಾರಿ ಇದೆ. ಮಿಸ್ ಜೆರಾಕ್ಸ್ ಮಾಡಿಸಿದ ಪ್ರತಿ ಸಲ ನಾನು ಬಿಲ್ ಬುಕ್ಕಲ್ಲಿ ಮನೆ ಹೆಸರು, ಹಾಳೆ ಎಷ್ಟು ಅಂತ ಬರೀತಿದ್ದೆ, ಅವರೇ ಬರೆಸ್ತಿದ್ರು. ಆ ಬಿಲ್ ಬುಕ್ಕೆಲ್ಲ ನನ್ನ ಅಟ್ಟದ ಮೇಲೆ ಇದೆ, ಅದನ್ನ ಮುಂದಿಟ್ಟುಕೊಂಡು ಕೂತ್ರೆ ಬಹಳಷ್ಟು ಕಟ್ಟು ಮತ್ತೆ ಕಟ್ಟಬಹುದು. ಭಾನುವಾರ ಭಾನುವಾರ ಬರ್ತೀನಿ, ಮಿಸ್ ಶಿಷ್ಯರು ಆರೇಳು ಜನ ಬರ್ತೀವಿ ಅಂದಿದಾರೆ, ಕೂಲಿ ಏನೂ ಬೇಡ.

ಮಿಸ್‌ಗೆ ಬಂದ ಸ್ವಂತ ಪತ್ರಗಳೂ ಅದರಲ್ಲಿವೆ, ತಂಗಿ ಬರೆದಿದ್ದು, ಮೈಸೂರಿನ ಗೆಳತಿ ಬರೆದಿದ್ದು. ಅವನ್ನ ಓದೋ ಹಕ್ಕು ನಮಗೆ ತಾನಾಗಿ ಬರಲ್ಲ. ಅವುಗಳನ್ನ ಬೇರೆ ಕವರಲ್ಲಿ ಮುಚ್ಚಿಟ್ಟು, ಯಾವುದು ತೆರೀಬಹುದು, ಯಾವುದು ಬೇಡ ಅಂತ ಮನೆಯವರನ್ನ ಕೇಳಿ. ಬೇರೆ ಮನೆಯವರು ನಂಬಿ ಕೊಟ್ಟ ಮೂಲ ಕಾಗದಗಳೂ ಕೆಲವಿವೆ, ಮಿಸ್ "ವಾಪಸ್ ಕೊಡಬೇಕು" ಅಂತ ಕೆಂಪು ದಾರ ಕಟ್ಟಿಟ್ಟಿದ್ರು, ಅವು ನಿಮ್ಮದೂ ಅಲ್ಲ, ಮಿಸ್‌ದೂ ಅಲ್ಲ, ಆಯಾ ಮನೆಗೆ ಹೋಗ್ಬೇಕು. ಕೆಂಪು ದಾರ ನಿಮ್ಮ ಕಸದ ಬುಟ್ಟಿಯಲ್ಲಿ ನೋಡ್ದೆ.

ಇದೆಲ್ಲ ನಮ್ಮ ಕೈಲಾಗಲ್ಲ, ಜಾಗ ಇಲ್ಲ, ಜನ ಇಲ್ಲ ಅನ್ನೋದಾದ್ರೆ ಅದನ್ನ ನೇರವಾಗಿ ಹೇಳಿ, ಬೇಜಾರಿಲ್ಲ. ಬೆಂಗಳೂರಲ್ಲಿ ವಿಧಾನಸೌಧದಲ್ಲೇ ರಾಜ್ಯ ಪತ್ರಾಗಾರ ಇದೆ. ಅಲ್ಲೇ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ 2019ರಿಂದ ಒಂದು ಆರ್ಕೈವ್ಸ್ ಇದೆ, ವಿಜ್ಞಾನಿಗಳ ನೋಟ್‌ಬುಕ್, ಪತ್ರ, ಫೋಟೋಗಳನ್ನೇ ಜೋಪಾನ ಮಾಡ್ತಾರೆ. ಅವರನ್ನ ಕೇಳಿ ನೋಡೋಣ. ನನ್ನ ಆಸೆ ಮಾತ್ರ ಅವು ಕೊಡಗಲ್ಲೇ ಇರ್ಲಿ ಅನ್ನೋದು, ಸನ್ನದಿನ ಮನೆಯವರು ಬಸ್ಸಲ್ಲಿ ಬಂದು ನೋಡಿ ಸಂಜೆಯೊಳಗೆ ಮನೆ ಸೇರೋ ಹಾಗೆ. ಆದ್ರೆ ನೆಂದು ಇಲ್ಲೇ ಕೊಳೆಯೋದಕ್ಕಿಂತ ಒಣಗಿ ಬೆಂಗಳೂರಲ್ಲಿರೋದು ಮೇಲು.

ನೀಲಿ ನೋಟ್‌ಬುಕ್ 4 ನನ್ನ ಅಂಗಡಿಯಲ್ಲಿದೆ, ಹತ್ತಿ ಬಟ್ಟೆ ಸುತ್ತಿ, ಮರದ ಪೆಟ್ಟಿಗೆಯಲ್ಲಿ. ಯಾವ ಸದಸ್ಯರು ಬೇಕಾದ್ರೂ ಬಂದು ನೋಡಬಹುದು, ಕೈ ತೊಳೆದು ಒರೆಸ್ಕೊಂಡು ಬನ್ನಿ ಅಷ್ಟೇ. ಎಂಟು ಪೆಟ್ಟಿಗೆ ಸರಿಯಾದ ಜಾಗ ಸೇರಿದ ದಿನ ಅದನ್ನೂ ತಂದು ಅವುಗಳ ಜೊತೆ ಇಡ್ತೀನಿ. ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಆಫೀಸಿಗೆ ಬರ್ತೀನಿ, ಗೆಳೆಯನ ಜೀಪು, ನಾಲ್ಕು ಮರದ ಹಲಗೆ, ಒಂದು ಉಂಡೆ ಹತ್ತಿ ದಾರ ತರ್ತೀನಿ. ಹಿಂದಿನ ರೂಮಿನ ಬೀಗದ ಕೈ ಯಾರ ಹತ್ರ ಇರತ್ತೋ ಅವರನ್ನ ಅವತ್ತು ಇರೋಕೆ ಹೇಳಿ.

ಇತಿ ತಮ್ಮ ವಿಶ್ವಾಸಿ,
ಮಿಸ್ ಅವರ ಹಳೇ ವಿದ್ಯಾರ್ಥಿ, ಜೆರಾಕ್ಸ್ ಅಂಗಡಿಯವನು